ಲೆಕ್ಕ ತಪ್ಪಿದ ಬಿಳಿ

ಇಪ್ಪತ್ತಮೂರು ನೋಟ್‌ಬುಕ್ಕು, ಸಕ್ಕರೆ ಚೀಲದಲ್ಲಿ ಕಟ್ಟಿ
ದೋಣಿಯಲ್ಲಿ ಬಂದವು ಮ್ವಾಂಜಾದ ಮೀನು ಇಲಾಖೆಗೆ,
ಉಕೆರೆವೆ ದ್ವೀಪದಿಂದ.
ಆ ಹೆಸರಿನ ನಡುವೆಯೇ ಒಂದು ಕೆರೆ;
ಅಲ್ಲಿಯವರಿಗದು ಕೇಳಿಸದು, ನನ್ನ ಕಿವಿಯ ಚಟ.

ಬಿಚ್ಚಿದರೆ ಒಣಮೀನಿನ ವಾಸನೆ. ಪುಟಕ್ಕಂಟಿದ ಹುರುಪೆ
ಉಗುರಿನಿಂದ ಕೀಳಬೇಕು.
ಬರೆದವನು ಮಸಲು, ದಡದಲ್ಲಿ ನಿಂತು:
ಯಾವ ದೋಣಿ, ಎಷ್ಟು ಬಕೆಟ್ಟು ದಗಾ
(ಕಿರುಬೆರಳುದ್ದದ ಬೆಳ್ಳಿ ಮೀನು),
ದಿನಕ್ಕೊಂದು ಪುಟ, ಆರು ವರ್ಷ.

ಕಬುಲಾ ಒಂದು ಮಳೆಗಾಲ ಕೂತು ಎಲ್ಲ ಟೈಪು ಮಾಡಿದಳು.
ಆಮೇಲೆ ಶುರು, ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸ.
ಒಂದೇ ದೋಣಿಗೆ ಒಂಬತ್ತು ಕಾಗುಣಿತ.
ಬಕೆಟ್ಟೂ ಒಂದೇ ಅಲ್ಲ: ಇಪ್ಪತ್ತು ಲೀಟರಿನದು, ಹತ್ತರದು,
ಮತ್ತೆ "ಮಾಮಾ ನ್ಯಾಂಗೆಟಾಳ ಬಕೆಟ್ಟು" ಅಂತ ಒಂದು,
ಅದರಳತೆ ಆ ತಾಯಿಗೇ ಗೊತ್ತು.
"ಮೂರೂವರೆ" ಎಂದು ಅಕ್ಷರದಲ್ಲಿ ಬರೆದದ್ದನ್ನು
ಭಾಷೆ ಅಂಕಿಯೆಂದು ಒಪ್ಪಲಿಲ್ಲ.
ಭಾಷೆಯೆಂದರೆ ಆರ್. ಒಂದೇ ಅಕ್ಷರ ಅದರ ಹೆಸರು.
ಸುಂಕದವನ ಮುಂದೆ ಸುಖದುಃಖವೇ?
ಅಲ್ಪವಿರಾಮ ತಪ್ಪಿದರೂ ಬಾಗಿಲು ತೆರೆಯದು.

ಬರೆಯದ ದಿನಗಳೂ ಇದ್ದವು. ಅಲ್ಲಿ ಸೊನ್ನೆ ಹಾಕಬಾರದು.
ಸೊನ್ನೆಯೆಂದರೆ ಬಲೆ ಬೀಸಿ ಬರಿಗೈಲಿ ಬಂದದ್ದು,
ರಾತ್ರಿಯಿಡೀ ಲಾಂದ್ರ ಉರಿಸಿ
ಸೀಮೆಎಣ್ಣೆಯ ಸಾಲ ಹೊತ್ತದ್ದು.
ಸೊನ್ನೆಗೂ ಬೆವರಿದೆ.
ಗೊತ್ತಿಲ್ಲದ್ದಕ್ಕೆ ಆ ಭಾಷೆಯಲ್ಲಿ ಬೇರೆಯೇ ಗುರುತು:
ಎನ್, ಪಕ್ಕದಲ್ಲಿ ಎ.
ಏನು ಕೂಡಿಸಿದರೂ ಅದೇ, ಏನು ಕಳೆದರೂ ಅದೇ.
ನೀನು ನಿನಗೇ ಸಮವೇ ಎಂದು ಕೇಳಿ ನೋಡಿ,
ಗೊತ್ತಿಲ್ಲ ಅನ್ನುತ್ತದೆ.

ಸಂಜೆ, ಕರೆಂಟು ಹೋಗುವ ಮುನ್ನ, ಚಿತ್ರ ಬರೆಸಿದಳು.
ಅಡ್ಡಕ್ಕೆ ದಿನ, ಉದ್ದಕ್ಕೆ ಬಕೆಟ್ಟು,
ಗೊತ್ತಿಲ್ಲದ ಕಡೆ ಬರೀ ಬಿಳಿ.
ಆ ಬಿಳಿ ಬಂದು ಹೋಗಿ ಬಂದು ಹೋಗುತ್ತಿತ್ತು.
ಎಣಿಸಿದಳು: ಇಪ್ಪತ್ತೊಂಬತ್ತು, ಮೂವತ್ತು, ಇಪ್ಪತ್ತೊಂಬತ್ತು.

ಮಸಲು ಎಲ್ಲೂ ಚಂದ್ರನೆಂದು ಬರೆದಿರಲಿಲ್ಲ.
ಹುಣ್ಣಿಮೆಗೆ ಲಾಂದ್ರದ ಬೆಳಕಿಗೆ ದಗಾ ಮರುಳಾಗದು,
ದೋಣಿಗಳು ದಡದಲ್ಲೇ ಮಲಗುತ್ತವೆ, ಪೆನ್ನೂ.
ಆರು ವರ್ಷದ ಎಪ್ಪತ್ತನಾಲ್ಕು ಹುಣ್ಣಿಮೆ
ಯಾರೂ ಬರೆಯದೆ ಬಂದು ಕೂತಿದ್ದವು ಪರದೆಯ ಮೇಲೆ.

ಒಂದು ಬಿಳಿ ಮಾತ್ರ ಲೆಕ್ಕ ತಪ್ಪಿತ್ತು.
ನಾಲ್ಕನೆಯ ವರ್ಷ, ಜುಲೈ, ಅಮಾವಾಸ್ಯೆಯ ಆಚೀಚೆ
ಹನ್ನೊಂದು ದಿನ. ಅದೂ ಮೀನಿನ ಸುಗ್ಗಿಯಲ್ಲಿ.
"ಸರಾಸರಿ ತುಂಬಿಬಿಡು," ಅಂದರು ಮೇಲಧಿಕಾರಿ ರ್ವೆಗಸಿರಾ,
"ಒಂದು ಸಾಲಿನ ಕೆಲಸ."
ಒಂದು ಸಾಲಿನದೇ. ಬೆರಳಿಟ್ಟಳು, ತೆಗೆದಳು.
ಶನಿವಾರದ ಫೆರಿ ಹತ್ತಿದಳು.

ಮಸಲುವಿಗೆ ಈಗ ಕಣ್ಣು ಮಂಜು. ಜುಲೈ ಅಂದದ್ದೇ ನಕ್ಕ.
"ಓ, ಆ ಕತ್ತಲ ತಿಂಗಳಾ!
ಬೇರೆಯವರ ಮೀನು ಬರೆದೂ ಬರೆದೂ
ನನಗೂ ಆಸೆಯಾಯಿತಮ್ಮ. ಪೆನ್ನು ಮನೇಲಿಟ್ಟು ದೋಣಿ ಹತ್ತಿದೆ.
ಹನ್ನೊಂದು ರಾತ್ರಿ. ಒಂಬತ್ತು ರಾತ್ರಿ ವಾಂತಿ.
ನನ್ನ ಪಾಲಿಗೆ ಬಂದದ್ದು ಎರಡು ಬಕೆಟ್ಟು, ಅರ್ಧ ನೀರು."
"ಹಾಗಾದರೆ ಎರಡೆಂದು ಬರೆದುಕೊಳ್ಳಲೇ?"
"ಬೇಡ ಬೇಡ. ಉಳಿದ ದೋಣಿಗಳದು ಎಷ್ಟೋ, ನನಗೇನು ಗೊತ್ತು?
ನಾನು ನೀರಿನ ಮೇಲಿದ್ದೆ."

ಎನ್, ಪಕ್ಕದಲ್ಲಿ ಎ:
ಕೂಡಿಸಿ ನನ್ನ ನುಡಿಯಲ್ಲಿ ಓದಿದರೆ 'ನಾ' ಆಗುತ್ತದೆ.
ಕಬುಲಾಗೆ ಇದು ತಿಳಿಯದು. ತಿಳಿಯಬೇಕಾಗಿಯೂ ಇಲ್ಲ.

ಸೋಮವಾರ, ಎರಡು ಹುಣ್ಣಿಮೆಗಳ ನಡುವಿನದನ್ನಷ್ಟೇ
ಚುಕ್ಕಿಯಿಟ್ಟು ಬರೆಸಿದಳು.
ಕೆಳಗೆ ಕೆಂಪಕ್ಷರದಲ್ಲಿ ಆರ್ ಎಚ್ಚರಿಸಿತು:
ಬೆಲೆ ಸಿಗದ ಹನ್ನೊಂದು ಸಾಲು ತೆಗೆಯಲಾಗಿದೆ.

ಅಡ್ಡ ಎರಡು, ಉದ್ದ ಎರಡು ಗೀಟಿನ
ಬಲೆಯ ಕಣ್ಣಿನಂಥ ಗುರುತೊಂದಿದೆ.
ಅದರ ಮುಂದೆ ಏನು ಬರೆದರೂ ಯಂತ್ರ ಓದುವುದಿಲ್ಲ,
ಮುಂದೆ ಬರುವ ಮನುಷ್ಯರಿಗೆ ಮಾತ್ರ.
ಅಲ್ಲಿ ಬರೆದಳು:
ಮಸಲು ನೀರಿನ ಮೇಲಿದ್ದಾನೆ. ತುಂಬಬೇಡಿ.